ಕಾಶೆವ್ವನ ಗಡ್ಡೆಯೊಳಗಿನ ಕಾವಲುಗಾರರು

ಒಂದಾನೊಂದು ಕಾಲದಲ್ಲಿ ಒಂದು ಕೋಟೆಗೆ ಕಳ್ಳರು ನುಗ್ಗಿದರು. ಒಳಗೆ ಕಾವಲುಗಾರರೂ ಇದ್ದರು. ಆದರೂ ಕಳ್ಳರು ಅಲ್ಲೇ ಮನೆ ಮಾಡಿಕೊಂಡರು. ಏಕೆಂದು ರಾಜನಿಗೂ ತಿಳಿಯಲಿಲ್ಲ.

ಆ ಕೋಟೆ ದೂರವಿರಲಿಲ್ಲ. ಮುಂಡಗೋಡದ ಕಾಶೆವ್ವನ ಎದೆಯಲ್ಲೇ ಇತ್ತು, ನಿಂಬೆಕಾಯಿಯಷ್ಟು ದಪ್ಪದ ಕ್ಯಾನ್ಸರ್ ಗಡ್ಡೆಯಾಗಿ.

ಬೆಳಗಾದರೆ ಹುಬ್ಬಳ್ಳಿಯಲ್ಲಿ ಆಪರೇಷನ್. ತೆಗೆದ ಗಡ್ಡೆಯ ಒಂದು ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಡಾಕ್ಟರು ಕೇಳಿದ್ದರು. ಆಪರೇಷನ್ನಿಗೆ ಮೊದಲೇ ಹೇಳುತ್ತೇನೆಂದು ಕಾಶೆವ್ವ ಮಾತು ಕೊಟ್ಟಿದ್ದಳು. ಏನು ಹೇಳುವುದೋ ಅವಳಿಗೇ ತಿಳಿದಿರಲಿಲ್ಲ.

ಪಕ್ಕದ ಮನೆಯ ನರ್ಸ್ ನೀಲಂ ಅವಳ ಚೀಲದೊಳಗೆ ಇಣುಕಿದಳು.

"ಕಾಕಿ, ಸ್ಟೀಲ್ ಡಬ್ಬಿ ಯಾಕ? ಅಲ್ಲಿ ಊಟ ಕೊಡ್ತಾರ."

"ಊಟಕ್ಕಲ್ಲವ್ವಾ, ಗಡ್ಡಿ ತರಾಕ. ನನ್ನ ಹೊಕ್ಕಳಬಳ್ಳಿ ಮಣ್ಣಾಗೈತಿ, ಅತ್ತಿ-ಮಾವ ಮಣ್ಣಾಗದಾರ. ಇದನ್ನೂ ನಮ್ಮ ಹೊಲದಾಗ ಹೂಳ್ತೇನಿ."

ನೀಲಂಗೆ ನಗು ಬಂತು, ಕಾಶೆವ್ವನ ಮುಖ ನೋಡಿ ನುಂಗಿಕೊಂಡಳು.

"ಮನಿಗೆ ಕೊಡಂಗಿಲ್ಲ ಕಾಕಿ. ರೋಗದ ಪರೀಕ್ಷೆಗೆ ಬೇಕಾದ್ದು ಇಟ್ಕೊಂಡು ಉಳದದ್ದು ಸುಡ್ತಾರ."

"ಸುಡ್ತಾರ? ನಮ್ಮ ಮನ್ಯಾಗ ಇವತ್ತಿನ ತನಕ ಯಾರ್ನೂ ಸುಟ್ಟಿಲ್ಲ! ಹಂಗಾರ ಆಪರೇಷನ್ನೇ ಬ್ಯಾಡ!" ಕಾಶೆವ್ವ ಚೀಲ ಬಿಚ್ಚತೊಡಗಿದಳು.

"ಬ್ಯಾಡ ಅಂದ್ರ ಗಡ್ಡಿ ಸುಮ್ಮನಿರತೈತೇನು? ಬೆಳೀತೈತಿ. ನೀವು ಆಸ್ಪತ್ರಿಗೆ ಹೋಗಾಕ ಬೇಕು."

ಕಾಶೆವ್ವನ ಕೈ ನಿಂತಿತು. ತಲೆಯೊಳಗೆ ಎಲ್ಲ ಕಲಸಿಹೋಗಿತ್ತು. "ಮತ್ತ ಡಾಕ್ಟರು ಕೇಳಿದ ಆ ಚೂರು ಒಯ್ದು ಏನ್ ಮಾಡ್ತಾರ?"

"ಗಡ್ಡ್ಯಾಗ ರೋಗದ ಜೀವಕಣ ಅಷ್ಟೇ ಇರಂಗಿಲ್ಲ, ಮೈ ಕಾಯೂ ಕಣನೂ ಇರ್ತಾವ, ಕಾವಲಿನವ್ರಿದ್ದಂಗ. ಕೆಲವು ಹೊಡದಾಡ್ತಾವ, ಕೆಲವು ದಣದು ಕುಂತಿರ್ತಾವ, ಕೆಲವು ರೋಗದ ಕಡೆನೇ ವಾಲಿರ್ತಾವ. ಎಲ್ಲಾ ಕೂಡಿಸಿ ಅರದು ನೋಡಿದ್ರ ಯಾವುದು ಹೆಂಗ ಅಂತ ತಿಳಿಯಂಗಿಲ್ಲ. ಈಗ ಒಂದೊಂದ್ನ ಬ್ಯಾರೆ ಮಾಡಿ, ಯಾವುದು ಏನ್ ಮಾಡಾಕತ್ತೇತಿ ಅಂತ ಓದ್ತಾರ."

"ಕಣಾ ಓದೂದಾ? ನಾನು ಬಸ್ಸಿನ ಬೋರ್ಡೇ ಓದಂಗಿಲ್ಲ!" ಕಾಶೆವ್ವ ಮೆಲ್ಲಗೆ ಕೇಳಿದಳು: "ಅದರಿಂದ ನಾ ಆರಾಮ ಆಗ್ತೇನೇನು?"

"ಇಲ್ಲ ಕಾಕಿ, ಸುಳ್ಳು ಹೇಳಂಗಿಲ್ಲ. ನಿಮ್ಮನ್ನ ಆರಾಮ ಮಾಡಾಕ ಆಪರೇಷನ್ನು, ಔಷಧ. ಚೂರು ಮುಂದ ಬರೋರಿಗೆ ಉಪಯೋಗಾದ್ರೂ ಆಗಬಹುದು. ಒಲ್ಲೆ ಅಂದ್ರೂ ನಿಮ್ಮ ಚಿಕಿತ್ಸಾ ನಿಲ್ಲಂಗಿಲ್ಲ."

ಕಾಶೆವ್ವ ಬಿಚ್ಚಿದ ಚೀಲವನ್ನು ಮತ್ತೆ ಜೋಡಿಸಿದಳು. ಡಬ್ಬಿಯನ್ನು ಮಾತ್ರ ತೆಗೆದು ಗೋಡೆಯ ನಾಗೊಂದಿಗೆಯ ಮೇಲಿಟ್ಟಳು.

ಅಕ್ಕ-ತಂಗಿಯರೇ, ಎದೆಯಲ್ಲಿ ಗಂಟು ಕೈಗೆ ಸಿಕ್ಕರೆ ಇಂದೇ ತೋರಿಸಿ. ಸಂಶೋಧನೆಗೆ ಚೂರು ಕೇಳಿದರೆ, ತಿಳಿಯುವ ತನಕ ಪ್ರಶ್ನೆ ಕೇಳಿ. ಆಮೇಲೆ ಹೂಂ ಎನ್ನುವುದೂ ಒಲ್ಲೆ ಎನ್ನುವುದೂ ನಿಮ್ಮದೇ.

ಕಾಶೆವ್ವ ಏನೆಂದಳು? ಮರುದಿನ ಆಪರೇಷನ್ ಕೋಣೆಯ ಬಾಗಿಲಲ್ಲಿ ಡಾಕ್ಟರ ಕೈ ಹಿಡಿದು, ಕೊಟ್ಟ ಮಾತು ತೀರಿಸಿದಳು:

"ಸುಡೂಕಿಂತ ಮೊದಲ ಒಂದು ಚೂರು ಓದ್ರಿ. ಆ ಕಾವಲಿನವ್ರು ಯಾಕ ಸುಮ್ಮನ ಕುಂತಿದ್ರು, ಕೇಳ್ರಿ."