ಕಿಟಕಿಯಿಲ್ಲದ ಕೋಣೆ

ಶಾಲೆಗೆ ಕಂಪ್ಯೂಟರ್ ನೆಟ್‌ವರ್ಕ್ ಹಾಕಿಕೊಡುವ ಕೆಲಸ ನಮ್ಮಮ್ಮನ ತಮ್ಮನಿಗೆ, ಅಂದರೆ ಮಾವನಿಗೆ, ಸಿಕ್ಕಿತ್ತು. ಎಲ್ಲಿ ಕೇಬಲ್ ಎಳೆಯಬೇಕು, ಎಲ್ಲಿ ವೈಫೈ ಪೆಟ್ಟಿಗೆ ಕೂರಿಸಬೇಕು ಎಂದು ನಕ್ಷೆ ಬರೆಯುವವನು ನಾನು. ಮಾವ ನನ್ನನ್ನು ‘ಹೀರೋ’ ಎಂದೇ ಕರೆಯುತ್ತಾರೆ. ಹೊಗಳಿಕೆಯಲ್ಲ, ಬೈಗುಳ.

“ಈ ಕೋಟೆ ನಮ್ಮ ಕೈಗೆ ಸಿಗ್ಬೇಕಂದ್ರೆ ಒಂದೇ ಒಂದು ಕೋಣೆ ಸಾಕು ಮಾವ! ಅದು ಮೆಟ್ಟಿಲ ಕೆಳಗಿನ ಕೋಣೆ!” ಎಂದೆ, ಸುತ್ತಿಟ್ಟ ನಕ್ಷೆಯನ್ನು ಕತ್ತಿಯಂತೆ ಹಿರಿದು.

“ಡೈಲಾಗ್ ಬಿಟ್ಟು ಟೇಪ್ ಹಿಡಿ.”

ಆದರೆ ಮಾತು ಸರಿಯಾಗಿಯೇ ಇತ್ತು. ಒಂದು ಕೇಬಲ್ ನೂರು ಮೀಟರ್ ದಾಟಿದರೆ ಸಂಪರ್ಕ ಕುಂಟುತ್ತದೆ. ಆ ಕೋಣೆಯೋ ಕಟ್ಟಡದ ನಟ್ಟನಡುವೆ ಇದೆ. ಕಿಟಕಿಯಿಲ್ಲ, ಗಟ್ಟಿ ಬೀಗವಿದೆ. ಎಲ್ಲ ಕೇಬಲ್ ಬಂದು ಸೇರುವ ಕಪಾಟಿಗೆ ಹೇಳಿ ಮಾಡಿಸಿದ ಜಾಗ. ಹೆಡ್ ಮೇಡಂ ಕೂಡ ಒಪ್ಪಿದ್ದರು.

ಅಳತೆ ಮಾಡಲು ಬಾಗಿಲು ತಳ್ಳಿದೆ. ಒಳಗೆ ಒಬ್ಬ ಟೀಚರಮ್ಮ, ಎದುರಿಗೆ ಮೀಸೆ ಚಿಗುರುತ್ತಿದ್ದ ಹುಡುಗ. ಮುಂದೆ ಚಿಕ್ಕ ಮಕ್ಕಳ ಪುಸ್ತಕ, ಅಕ್ಷರದ ಕೆಳಗೆ ಬೆರಳು. ನನ್ನನ್ನು ಕಂಡದ್ದೇ ಪುಸ್ತಕ ತೊಡೆಯಡಿ ಸೇರಿತು.

“ಏನ್ ಗುರು, ಪನಿಷ್‌ಮೆಂಟಾ?” ಎಂದೆ.

“ಹೂಂ ಅಣ್ಣ, ಪನಿಷ್‌ಮೆಂಟು.” ಅವನ ಮುಖದಲ್ಲಿ ಎಂಥ ನಿರಾಳ!

“ಬೆಳಗ್ಗಿಂದ ತಲೆ ತಿಂತಾನೆ,” ಎಂದು ಟೀಚರಮ್ಮನೂ ತಾಳ ಹಾಕಿದರು.

ಅವನನ್ನು ನೀರು ಕುಡಿಯಲು ಕಳಿಸಿ ದನಿ ತಗ್ಗಿಸಿದರು. “ಓದಕ್ಕೆ ಬರಲ್ಲ ಅನ್ನಿಸ್ಕೊಳ್ಳೋದಕ್ಕಿಂತ ಪುಂಡ ಅನ್ನಿಸ್ಕೊಳ್ಳೋದೇ ವಾಸಿ ಅವನಿಗೆ. ಇಂಥವರು ಇನ್ನೂ ಇದಾರೆ, ಒಬ್ಬೊಬ್ಬರೇ ಬರ್ತಾರೆ. ಇಲ್ಲಿ ಯಾರೂ ನೋಡಲ್ಲ ಅಂತ. ಈಗ ನಿಮ್ಮ ಕಪಾಟಿಗೋಸ್ಕರ ನಮ್ಮನ್ನ ಲೈಬ್ರರಿ ಮೂಲೆಗೆ ಕಳಿಸ್ತಾರಂತೆ. ಸುತ್ತ ಗಾಜು.”

“ಮೇಡಂಗೆ ಹೇಳಿದ್ರಾ?”

“ಹೇಳ್ದೆ. ಕಲಿಯೋದಕ್ಕೆ ನಾಚಿಕೆ ಯಾಕೆ ಅಂದ್ರು. ಮಾತೇನೋ ನಿಜ. ಆದ್ರೆ ಹುಡುಗ ಬರಬೇಕಲ್ಲಪ್ಪ?”

ಮೆಟ್ಟಿಲ ಮೇಲೆ ಕೂತು ನಕ್ಷೆಯನ್ನು ಮತ್ತೆ ಬರೆದೆ. ದೊಡ್ಡ ಕಪಾಟು ಆಫೀಸಿನಲ್ಲಿ, ಚಿಕ್ಕದೊಂದು ಆ ತುದಿಯ ಕಂಪ್ಯೂಟರ್ ಲ್ಯಾಬಿನಲ್ಲಿ. ಎರಡರ ನಡುವೆ ಫೈಬರ್ ಕೇಬಲ್. ಅದು ಎಷ್ಟು ದೂರವಾದರೂ ಜಗ್ಗುವುದಿಲ್ಲ.

“ಎರಡು ಕಪಾಟಾ? ನಿಮ್ಮಪ್ಪ ಬಂದು ಕೆಲಸ ಮಾಡ್ತಾನಾ?” ಎಂದರು ಮಾವ. ಆದರೂ ನನ್ನ ಹಿಂದೆ ಹೆಡ್ ಮೇಡಂ ಕೋಣೆಗೆ ಬಂದರು.

“ಮೇಡಂ, ಮೆಟ್ಟಿಲ ಕೆಳಗೆ ಗಾಳಿ ಆಡಲ್ಲ. ಮಿಷಿನ್ ಬಿಸಿಯಾಗಿ ಕೆಡುತ್ತೆ,” ಎಂದೆ. ಅದು ಸುಳ್ಳೇನಲ್ಲ.

“ಮಿಷಿನ್ನೇ ಬದುಕದ ಜಾಗದಲ್ಲಿ ಮಕ್ಕಳನ್ನ ಕೂರಿಸ್ಲಾ? ಇವತ್ತೇ ಬೀಗ ಹಾಕಿಸ್ತೀನಿ!”

ಹಳ್ಳ ತೋಡಿದವನೂ ನಾನೇ, ಬಿದ್ದವನೂ ನಾನೇ. ಮಾವ ಸೂರು ನೋಡುತ್ತ ನಿಂತರು. ಕೈಲಿದ್ದ ನಕ್ಷೆಯನ್ನು ಮೇಜಿನ ಮೇಲಿಟ್ಟೆ.

“ಏಳನೇ ಕ್ಲಾಸ್‌ವರೆಗೂ ನಂಗೆ ಓದಕ್ಕೆ ಬರ್ತಿರ್ಲಿಲ್ಲ ಮೇಡಂ,” ಎಂದೆ. “ಓದು ಅಂದ್ರೆ ಸಿನಿಮಾ ಡೈಲಾಗ್ ಹೊಡೀತಿದ್ದೆ. ಕ್ಲಾಸೆಲ್ಲ ನಗ್ತಿತ್ತು, ನನ್ನ ಆಚೆ ನಿಲ್ಲಿಸ್ತಿದ್ರು. ಅಲ್ಲಿಗೆ ಬಚಾವ್. ಕೊನೆಗೊಬ್ರು ಮೇಷ್ಟ್ರು ಬಾಗಿಲು ಮುಚ್ಕೊಂಡು ಕಲಿಸಿದ್ರು. ಅಲ್ಲಿ ಗಾಜಿದ್ದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ.”

ಮೇಡಂ ಕನ್ನಡಕ ತೆಗೆದರು, ಒರೆಸಲಿಲ್ಲ, ಹಾಗೇ ಹಾಕಿಕೊಂಡರು.

“ಗಾಳಿಗೇನ್ ಮಾಡ್ತೀರ?”

ಉತ್ತರ ಕೊಟ್ಟದ್ದು ಮಾವ. “ಬಾಗಿಲ ಮೇಲೆ ಗೋಡೆ ಕೊರೆದು ಫ್ಯಾನ್ ಕೂರಿಸ್ತೀವಿ ಮೇಡಂ. ಗಾಳಿ ಆಡುತ್ತೆ, ಇಣುಕಕ್ಕೆ ಆಗಲ್ಲ.”

“ಲ್ಯಾಬಲ್ಲಿ ನಿಮ್ಮ ಕಪಾಟು ಗುಂಯ್ ಅಂದ್ರೆ ಇಬ್ರನ್ನೂ ಕರೆಸಿ ಬೆಂಚ್ ಮೇಲೆ ನಿಲ್ಲಿಸ್ತೀನಿ,” ಎಂದು ಹೇಳಿ ಅವರು ಹೊಸ ನಕ್ಷೆಗೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಮಾವ ಬಹಳ ಹೊತ್ತು ಡ್ರಿಲ್ಲಿನ ವೈರು ಬಿಡಿಸುತ್ತಲೇ ಇದ್ದರು.

“ನಂಗೂ ಹೇಳ್ಲಿಲ್ವಲ್ಲೋ?”

“ನನ್ನ ಡೈಲಾಗಿಗೆ ನೀವೂ ನಗ್ತಿದ್ರಲ್ಲ ಮಾವ, ಅದ್ರಲ್ಲೇ ವಿಷಯ ತೇಲ್ಕೊಂಡು ಹೋಗ್ತಿತ್ತು.”

ಅವರೇ ಏಣಿ ಹತ್ತಿ ಡ್ರಿಲ್ಲನ್ನು ಆ ಕೋಣೆಯ ಬಾಗಿಲ ಮೇಲಿನ ಗೋಡೆಗಿಟ್ಟರು. ಒಳಗೆ ಹುಡುಗ ಮತ್ತೆ ಓದಲು ಶುರುಮಾಡಿದ್ದ, ಒಂದೊಂದೇ ಅಕ್ಷರ ತಡವರಿಸುತ್ತ. ಮಾವ ಡ್ರಿಲ್ಲಿನ ಗುಂಡಿಯಿಂದ ಬೆರಳು ತೆಗೆದರು.

“ಸಾಲು ಮುಗೀಲಿ,” ಎಂದರು ಪಿಸುದನಿಯಲ್ಲಿ.

ಸಾಲು ಉದ್ದವಿತ್ತು. ನಾವು ಕಾದೆವು.