ಜಗಲಿಯಿದ್ದ ಜಾಗ

ಬೆಳಗಿನ ಬಿಸಿಲು ಎದುರಿನ ಅಂಚೆ ಕಚೇರಿಯ ಮಾಳಿಗೆ ದಾಟಿ ಬೀದಿಗಿಳಿಯುವ ಹೊತ್ತಿಗೆ ಅಧ್ಯಕ್ಷರು ತಮ್ಮ ಕಲ್ಲುಮನೆಯಿಂದ ಹೊರಬಂದು ರಸ್ತೆಯ ಮೇಲೆ ನಿಂತುಬಿಡುತ್ತಿದ್ದರು. ಲಾರಿಗಳು ವೇಗ ತಗ್ಗಿಸಿ, ಸೈಕಲ್ಲುಗಳು ಓರೆಯಾಗಿ, ಅವರನ್ನು ಬಳಸಿಕೊಂಡು ಹೋಗುತ್ತಿದ್ದವು. ಯಾರೂ ಹಾರ್ನ್ ಹಾಕುತ್ತಿರಲಿಲ್ಲ. ಆ ರಸ್ತೆಯನ್ನು ಅಗಲ ಮಾಡಿಸಿದವರೇ ಅವರು.

ಪುರಸಭೆಯ ಅಧ್ಯಕ್ಷಗಿರಿ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಹೆಸರು ಅಂಟಿಕೊಂಡೇ ಇತ್ತು. ಎಡಜೇಬು ಜೋತುಬಿದ್ದ ಕಪ್ಪು ಕೋಟು, ಯಾವ ವಾದವನ್ನೂ ಮುಗಿಸುವ ಒಂದೇ ಮಾತು, "ಅದಿರಲಿ." ಜೇಬು ಜೋತದ್ದು ಸಣ್ಣ ಸುತ್ತಿಗೆಯ ಭಾರಕ್ಕೆ. ಮನೆ ಕಟ್ಟಿಸುವಾಗ ಗಣಿಯಿಂದ ಬಂದ ಒಂದೊಂದು ಕಲ್ಲನ್ನೂ ಅದರಿಂದ ತಟ್ಟಿ, ಕಿವಿಗೊಟ್ಟು, ಗಂಟೆಯಂತೆ ನುಡಿದದ್ದನ್ನಷ್ಟೇ ಗೋಡೆಗೆ ಬಿಡುತ್ತಿದ್ದರು. ಮಂಕಾಗಿ ನುಡಿದರೆ ಒಳಗೆ ಬಿರುಕಿದೆಯೆಂದೇ ಅರ್ಥ. ಹೀಗೆ ಎದ್ದ ಮನೆಯನ್ನು ಜನ ನೆಂಟರನ್ನು ಕರೆತಂದು ತೋರಿಸುತ್ತಿದ್ದರು.

ಒಳಗೆ ಮಾತ್ರ ವರ್ಷವಿಡೀ ತಂಪು. ಕೀಲುನೋವಿನ ಹೆಂಡತಿಗೆ ಬಿಸಿಲು ಸಿಗುತ್ತಿದ್ದ ಜಾಗವೆಂದರೆ ಮುಂದಿನ ಜಗಲಿಯೊಂದೇ. ಅಲ್ಲೊಂದು ಬೆತ್ತದ ಕುರ್ಚಿ, ಮಡಿಲಲ್ಲಿ ಹೆಣಿಗೆ, ಹೋಗಿಬರುವವರೊಡನೆ ಹರಟೆ. ಅವರ ದಿನ ಬೆಳಗಾಗುತ್ತಿದ್ದುದೇ ಅಲ್ಲಿ.

ರಸ್ತೆ ಅಗಲಕ್ಕೆ ಗೆರೆ ಎಳೆದಾಗ ಆ ಜಗಲಿಯೂ ಅದರೊಳಗೆ ಬಂತು. ಗೆರೆಯನ್ನು ತುಸು ಸರಿಸಬಹುದೆಂದರು ಇಂಜಿನಿಯರು. ದರ್ಜಿಯ ಅಂಗಡಿಯಲ್ಲಿ ಆಗಲೇ ನಗೆ ಎದ್ದಿತ್ತು: "ನೋಡ್ತಾ ಇರಿ, ಇಷ್ಟು ದೂರ ನೆಟ್ಟಗೆ ಬಂದ ರಸ್ತೆ ಅಧ್ಯಕ್ಷರ ಮನೆ ಹತ್ರ ಸೊಂಟ ಬಳುಕಿಸುತ್ತೆ."

ಆ ಮಾತು ಅವರ ಕಿವಿಗೂ ಬಿತ್ತು. ಮುಂಭಾಗ ಕಳೆದುಕೊಳ್ಳಲಿದ್ದ ಪ್ರತಿ ಮನೆಯ ಹೊಸ್ತಿಲಲ್ಲೂ ಕೂತು, ಬೈಸಿಕೊಂಡು, ಒಪ್ಪಿಸಿ ಬಂದರು. ಮೊದಲ ಹಾರೆ ತಮ್ಮ ಜಗಲಿಗೇ ಬೀಳಲೆಂದರು. ಒಪ್ಪಿಗೆ ಕೇಳಲು ಮರೆತದ್ದು ಒಂದೇ ಮನೆಯಲ್ಲಿ.

ಕೆಲಸದವರು ಬಂದ ದಿನ ಹೆಂಡತಿ ತಾವೇ ಕುರ್ಚಿ ಎತ್ತಿಕೊಂಡರು. "ರಸ್ತೆ ಚೆನ್ನಾಗೇ ಆಗುತ್ತೆ ಬಿಡಿ. ನಾನು ಇದನ್ನ ಎಲ್ಲಿ ಹಾಕ್ಕೊಳ್ಳಲಿ, ಅದೊಂದು ಹೇಳಿ."

"ಅದಿರಲಿ," ಎಂದರು ಅಧ್ಯಕ್ಷರು.

ಆಕೆ ಮತ್ತೆ ಕೇಳಲಿಲ್ಲ. ಒಳಕೋಣೆಯಲ್ಲಿ ಶಾಲು ಹೊದ್ದು ಕೂತರು, ಚಳಿಗಾಲಕ್ಕೆ ಹಾಸಿಗೆ ಹಿಡಿದರು, ಅದು ಕಳೆಯುವ ಮೊದಲೇ ತೀರಿಕೊಂಡರು. ಕಾಯಿಲೆ ಹಳೆಯದು, ತಂಪಿನದಲ್ಲ ಎಂದು ವೈದ್ಯರು ಸಮಾಧಾನ ಹೇಳಿದಾಗ ಅಧ್ಯಕ್ಷರು, ಮಂಕಾಗಿ ನುಡಿದ ಕಲ್ಲಿಗೆ ಕಿವಿಗೊಟ್ಟವರಂತೆ, ತಲೆ ವಾಲಿಸಿ ಕೇಳಿಸಿಕೊಂಡರು.

ಆಮೇಲೆ ಶುರುವಾದದ್ದು ಈ ನಿಲ್ಲುವುದು. ಬಾಗಿಲು ದಾಟಿದರೆ ರಸ್ತೆಯೇ. ಕುರ್ಚಿಯಿದ್ದ ಜಾಗ ಯಾವುದೆಂದು ಅವರಿಗೆ ಗೊತ್ತಿತ್ತು.

"ಅಪ್ಪಾ, ಬಸ್ಸು ಬರ್ತಿದೆ, ಒಳಗೆ ಬನ್ನಿ," ಎಂದು ಮಗಳು ಕರೆಯುತ್ತಿದ್ದಳು.

"ಇರಮ್ಮ. ಈಗ ತಾನೇ ಬಿಸಿಲು ಬಂತು."

ತಮ್ಮದನ್ನು ಮೊದಲು ಕೊಟ್ಟು ಆಮೇಲೆ ಊರಿನದನ್ನು ಕೇಳುವವರು ದೊಡ್ಡವರು. ಅಂಥವರಿಲ್ಲದೆ ಯಾವ ಊರಿಗೂ ನೇರವಾದ ದಾರಿ ಇರುವುದಿಲ್ಲ. ಆದರೆ ತಮ್ಮದೆಂದು ಅವರು ಕೊಡುವುದರಲ್ಲಿ ಇನ್ನೊಬ್ಬರ ಪಾಲಿನ ಬಿಸಿಲೂ ಸೇರಿಹೋಗಿರುತ್ತದೆ. ಅದು ತಿಳಿಯುವ ಹೊತ್ತಿಗೆ ಕುರ್ಚಿ ಹಾಕಲು ಜಾಗವೂ ಉಳಿದಿರುವುದಿಲ್ಲ, ಕೂರುವವರೂ.