ಜಗಲಿಯ ಮೊಳೆಗಳು

ಸ್ಟೂಲಿನ ಮೇಲೆ ನಿಂತು, ಎತ್ತರದ ಕಂಬಗಳ ಮೇಲಿನ ಮರದ ಜಗಲಿಯ ಅಡಿಗೆ ನೇತುಹಾಕಿದ್ದ ಕುರ್ಚಿಗಳನ್ನು ಇಳಿಸುತ್ತಿದ್ದ ಒಡೀಲ್ ಆಯತಪ್ಪಿ, ತೊಲೆ ಹಿಡಿದ ಸ್ಟೀಲ್ ಬ್ರಾಕೆಟ್ಟಿಗೆ ಕೈ ಹಾಕಿದಳು. ಒಂದು ಮೊಳೆಯ ತಲೆ ಕಳಚಿ ಅಂಗೈಗೆ ಬಿತ್ತು.

ಬ್ರಾಕೆಟ್ಟು ಹೊಸದರಂತೆ ಹೊಳೆಯುತ್ತಿತ್ತು. ಪಕ್ಕದ್ದರ ಮೊಳೆ ಕೆರೆದಳು. ಬರೀ ತುಕ್ಕಿನ ಪುಡಿ.

ಮೇಲೆ, ಜಗಲಿಯಲ್ಲಿ, ಅಪ್ಪನ ಶವಪೆಟ್ಟಿಗೆ. ಅದರ ಸುತ್ತ ಇಡೀ ಗ್ರ್ಯಾಂಡ್ ಐಲ್ ದ್ವೀಪದ ಜನ.

"ಚಿಕ್ಕಪ್ಪ, ಇಲ್ಲಿ ಬಾ. ಕೂಗ್ಬೇಡ."

ನೆಸ್ಟರ್ ನೋಡಿದ. ಮುಖ ಬಿಳಿಚಿತು.

"ಎಲ್ರನ್ನೂ ಇಳಿಸ್ಬೇಕು," ಅಂದಳು.

"ವಿಷಯ ಹೇಳಿದ್ರೆ ಒಟ್ಟಿಗೇ ನುಗ್ತಾರೆ. ಇರೋ ಒಂದು ಮೆಟ್ಟಿಲೂ ಇದೇ ತೊಲೆಗೆ ನೇತಾಡ್ತಿರೋದು."

*

ವರ್ಷಗಳ ಹಿಂದೆ ಚಂಡಮಾರುತ ಪಕ್ಕದ ಮನೆಯನ್ನು ಎತ್ತಿಕೊಂಡು ಹೋದಾಗಿನಿಂದ ಒಡೀಲಳ ಅಪ್ಪ ಯುಲೀಸ್ ಗಾಳಿಗೆ ಹೆದರುತ್ತಿದ್ದ. ಕಿಟಕಿ ಅಲುಗಿದರೆ ಸಾಕು, ಟಾರ್ಚು ಹಿಡಿದು ತೊಲೆ ನೋಡಲು ಕೆಳಗೆ ಓಡುತ್ತಿದ್ದ. ಕೊನೆಗೆ ತುಕ್ಕು ಹಿಡಿಯದ ಸ್ಟೀಲ್ ಬ್ರಾಕೆಟ್ಟುಗಳನ್ನೇ ತಂದ. ಮೊಳೆ ಮಾತ್ರ ಡಬ್ಬಿಯಲ್ಲಿದ್ದ, ಸತು ಬಳಿದ ಕಬ್ಬಿಣದವು.

"ಅಣ್ಣಾ, ಸ್ಟೀಲಿಗೆ ಸ್ಟೀಲ್ ಮೊಳೇನೇ ಹೊಡಿ. ಈ ಉಪ್ಪುಗಾಳೀಲಿ ಸತುವಿನ ಮೊಳೇನ ಅದು ತಿಂದ್ಹಾಕುತ್ತೆ," ಅಂದಿದ್ದ ನೆಸ್ಟರ್.

"ತಿನ್ನೋಕೆ ಅದೇನು ನೀನಾ? ನಾಳೆ ಬಿರುಗಾಳಿ ಅಂತ ರೇಡಿಯೋದಲ್ಲಿ ಬಡ್ಕೋತಿದಾರೆ. ಸ್ಟೀಲ್ ಮೊಳೆ ಬರೋ ತನಕ ಅದು ಕಾಯುತ್ತಾ?"

ಗಾಳಿ ದಾರಿ ಬದಲಿಸಿ ಟೆಕ್ಸಾಸಿಗೆ ಹೋಯಿತು. ಯುಲೀಸ್ ಎಷ್ಟೋ ವರ್ಷದ ಮೇಲೆ ನಿಶ್ಚಿಂತೆಯಿಂದ ಮಲಗಿದ. ಆಮೇಲೆ ಮೊಳೆಯನ್ನು ಯಾರು ನೋಡುತ್ತಾರೆ? ಬ್ರಾಕೆಟ್ಟು ಹೊಳೆಯುತ್ತಿತ್ತಲ್ಲ.

*

"ಗಂಬೋ ಸಾರು ಕೆಳಗಿದೆ," ನೆಸ್ಟರ್ ಮೆಟ್ಟಿಲ ಬುಡದಿಂದ ಕರೆದ. ನಗಲು ನೋಡಿದ. "ಒಬ್ಬೊಬ್ರಾಗಿ ಬನ್ನಿ, ವಯಸ್ಸಾದೋರು ಮೊದ್ಲು. ನುಗ್ಗಿದೋರಿಗೆ ಬರೀ ಅನ್ನ."

"ಸತ್ತ ಮನೇಲೂ ಇವನ ದರ್ಬಾರು ನೋಡು," ಗೊಣಗುತ್ತಾ ಒಬ್ಬ ಮುದುಕಿ ಇಳಿದಳು. ಮರ ಕಿರುಗುಟ್ಟಿತು. ಒಡೀಲ್ ಬ್ರಾಕೆಟ್ಟಿನ ಮೇಲೆ ಕಣ್ಣಿಟ್ಟಿದ್ದಳು. ಮತ್ತೊಬ್ಬರು. ಇನ್ನೊಬ್ಬರು.

ಅವಳ ತಾಯಿ ವರ್ನಾ ಮಾತ್ರ ಪೆಟ್ಟಿಗೆಯ ಪಕ್ಕದಿಂದ ಏಳಲಿಲ್ಲ. ಒಡೀಲ್ ಗೋಡೆಗೆ ಆತುಕೊಂಡು ಮೇಲೆ ಹೋದಳು.

"ಅಮ್ಮ, ಜಗಲಿ ಬೀಳುತ್ತೆ. ಇಳಿ."

"ಸುಮ್ನಿರೇ. ನಿಮ್ಮಪ್ಪ ಕಟ್ಟಿದ್ದು."

ಒಡೀಲ್ ಮುಷ್ಟಿ ಬಿಚ್ಚಿ ಮೊಳೆಯ ತಲೆ ತೋರಿಸಿದಳು. ವರ್ನಾ ಅದನ್ನು ಬೆರಳಿಂದ ಮುಟ್ಟಿದಳು.

"ಇವರಿಗೆ ಕೇಳಿಸೋ ಹಾಗೆ ಹೇಳ್ಬೇಡ," ಅಂದಳು, ಪೆಟ್ಟಿಗೆಯ ಮೇಲೆ ಕೈಯಿಟ್ಟು.

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಆಗಷ್ಟೇ ಮಲಗಿದ ಮಗುವಿನ ಪಕ್ಕದಿಂದ ಏಳುವವಳಂತೆ ಎದ್ದು, ಮೆಲ್ಲಗೆ ಇಳಿದಳು.

ಇಗರ್ಜಿಯ ಗಂಟೆ ಆಗಲೇ ಮೊಳಗತೊಡಗಿತ್ತು. ಈಗ ಎಲ್ಲರಿಗೂ ವಿಷಯ ಗೊತ್ತಾಗಿತ್ತು. ಪೆಟ್ಟಿಗೆ ಹೊರಬೇಕಾದ ಗಂಡಸರು ಕೋಟು ಬಿಚ್ಚಿ, ಹುಲ್ಲಿನ ಮೇಲೆ ಸಾಲಾಗಿ ನಿಂತಿದ್ದರು. ಮೇಲೆ, ಸಮುದ್ರದ ಗಾಳಿಗೆ ಪೆಟ್ಟಿಗೆಯ ಮೇಲಿನ ಬಿಳಿ ಬಟ್ಟೆ ಎದ್ದೆದ್ದು ಬೀಳುತ್ತಿತ್ತು. ಮೊದಲ ಮೆಟ್ಟಿಲಿಗೆ ಯಾರೂ ಕಾಲಿಡಲಿಲ್ಲ.